ಬಿಸಿಗೆ ಕುಗ್ಗಿದ ಬಿಲ್ಲೆ

ಸುವರ್ಣಾ ರಜೆಗೆಂದು ತನ್ನೂರು ಹೊರ್ತಿಗೆ ಬಂದಿದ್ದಳು, ಮನಸ್ಸು ಮಾತ್ರ ಪ್ರಯೋಗಶಾಲೆಯ ಕತ್ತಲ ಕೋಣೆಯಲ್ಲೇ ಉಳಿದಿತ್ತು. ಕಣ್ಣು ಮುಚ್ಚಿದರೆ ಸಾಕು, ಲೇಸರಿನ ಮಿಂಚು. ರೆಪ್ಪೆ ಬಡಿಯುವಷ್ಟರಲ್ಲಿ ಲಕ್ಷಾಂತರ ಸಲ ಬಂದುಹೋಗುವ ಜೋಡಿ ಮಿಂಚು ಅದು. ಮೊದಲನೆಯದು ಉಗುರಿಗಿಂತ ತೆಳುವಾದ ಬಿಲ್ಲೆಯನ್ನು ಕಾಯಿಸುತ್ತದೆ. ಬೆನ್ನಿಗೇ ಬರುವ ಎರಡನೆಯದು ಅದೆಷ್ಟು ಹಿಗ್ಗಿತೆಂದು ನೋಡಿ ಹೇಳುತ್ತದೆ.

ಈ ಹಾಳು ಬಿಲ್ಲೆ ಹಿಗ್ಗಲೇ ಇಲ್ಲ. ಕಾಯಿಸಿದಷ್ಟೂ ಕುಗ್ಗಿತು. ಪ್ರಯೋಗಶಾಲೆ ನಡೆಸುವ ಸರ್ ಕೆಂಡವಾದರು. ಮುಬೀನಾ ಅದನ್ನು ಸಡಿಲವಾಗಿ ಅಂಟಿಸಿದ್ದಾಳೆ, ಜಾರಿದೆ, ಇನ್ನು ಆಕೆ ಲೇಸರ್ ಮುಟ್ಟುವುದು ಬೇಡ ಎಂದರು. ಸೋಮವಾರದ ಸಭೆಯಲ್ಲಿ, ಪ್ರಯೋಗದ ಹೊತ್ತಿಗೆ ಜೊತೆಗಿದ್ದ ಸುವರ್ಣಾ ಹೂಂ ಎಂದರೆ ಮುಬೀನಾಳ ಕೆಲಸ ಮುಗಿಯಿತು. ಸಿಂದಗಿಯ ಮುಬೀನಾ, ಒಂದೇ ಡಬ್ಬಿಯಲ್ಲಿ ಉಂಡ ಗೆಳತಿ. ಆದರೂ ಇವಳು ಆ ದಿನ ತುಟಿ ಬಿಚ್ಚಲಿಲ್ಲ. ಓದಿದವರ ಹೆದರಿಕೆಯೇ ಹಾಗೆ, ಬಾಯಿಗೆ ಬೀಗ ಜಡಿದು ಅದನ್ನೇ ಸಭ್ಯತೆ ಎನ್ನುತ್ತದೆ.

“ನಿಂತಲ್ಲೇ ನಿದ್ದಿ ಮಾಡ್ತಿ ಏನ ಸುವರ್ಣಾ? ಹಾಸು ಹಿಡಿ ಬಾ,” ಅವ್ವ ಶೇವಂತೆವ್ವ ಕೂಗಿದಳು.

ಕಂಬಳಿಗೆಂದು ಉದ್ದಕ್ಕೆ ಹಾಸಿದ ಉಣ್ಣೆಯ ಎಳೆಗಳು ಹುಣಸೆಬೀಜದ ಗಂಜಿಗೆ ಒಂದಕ್ಕೊಂದು ಅಂಟಿದ್ದವು. ಆ ತುದಿ ಗೂಟಕ್ಕೆ, ಈ ತುದಿ ಸುವರ್ಣಾಳ ಕೈಗೆ. ಶೇವಂತೆವ್ವ ನಡುವೆ ನಿಂತು ಎಳೆ ಬಿಡಿಸಲು ಮೇಲೆ ಕೆಳಗೆ ಜಾಡಿಸತೊಡಗಿದಳು. ಸಂಜೆ ಬಿಸಿಲಲ್ಲಿ ಕರಿ ಉಣ್ಣೆ ಅಲೆಅಲೆಯಾಗಿ ತೂಗಿತು. ನೋಡುತ್ತ ನೋಡುತ್ತ ಸುವರ್ಣಾಳಿಗೆ ಮಂಪರು ಹತ್ತಿತು. ಅವ್ವ, ಅಂಗಳ, ಹೊರ್ತಿ ಎಲ್ಲ ಕರಗಿ, ಬಿಲ್ಲೆಯ ಒಡಲೊಳಗಿನ ಕಣಗಳ ಸಾಲು ಕಣ್ಮುಂದೆ ತೂಗುತ್ತಿತ್ತು.

“ಮುಂದ್ಯಾಕ ಬರಾಕತ್ತಿ?”

“ನಾ ಬರವಲ್ಲೆಬೇ, ಹಾಸೇ ಎಳಿಯಾಕತ್ತೈತಿ.”

ಹಾಗೆಂದವಳಿಗೆ ಥಟ್ಟನೆ ಎಚ್ಚರವಾಯಿತು. ಎಳೆ ತನ್ನ ಉದ್ದಕ್ಕೆ ಅಡ್ಡವಾಗಿ, ಮೇಲೆ ಕೆಳಗೆ ತೂಗಿದಷ್ಟೂ ತುದಿಗಳು ಹತ್ತಿರವಾಗುತ್ತವೆ. ಕಾದ ಕಣಗಳೂ ಹೀಗೇ ಅಡ್ಡಡ್ಡ ತೂಗಿದರೆ ಬಿಲ್ಲೆ ಕುಗ್ಗದೆ ಏನು ಮಾಡೀತು? ಅವ್ವ ಜಾಡಿಸುವುದು ನಿಲ್ಲಿಸಿದಳು, ಸುವರ್ಣಾ ಮೊದಲಿನ ಜಾಗಕ್ಕೆ ಸರಿದಳು. ಬಿಲ್ಲೆಯೂ ತಣ್ಣಗಾದಾಗಲೆಲ್ಲ ಮೊದಲಿನ ಅಳತೆಗೇ ಮರಳುತ್ತಿತ್ತು. ಜಾರಿದ್ದು ಹಾಗೆ ಮರಳುತ್ತದೆಯೇ?

ಹಾಸಿನ ತನ್ನ ತುದಿಯನ್ನು ಇನ್ನೊಂದು ಗೂಟಕ್ಕೆ ಬಿಗಿದು ಫೋನು ಹಚ್ಚಿದಳು.

“ಮುಬೀನಾ, ಬಿಲ್ಲೆ ಜಾರಿಲ್ಲಲೇ. ಖರೇನ ಕುಗ್ಗೇತಿ. ತಣ್ಣಗಾದ ಮ್ಯಾಲ ತಿರುಗಿ ಬರ್ತೈತಿ.”

“ಅವತ್ತ ನಾನೂ ಅದನ್ನ ಹೇಳಿದ್ದೆ,” ಎಂದಳು ಮುಬೀನಾ. “ಸರ್ ಕೇಳ್ಲಿಲ್ಲ, ಅದು ಇರ್ಲಿ. ನೀ ಬಾಜೂಕ ಇದ್ದೆಲ್ಲ?”

ಸುವರ್ಣಾಳಿಗೆ ನಾಚಿಕೆಯಾಯಿತು. “ಸೋಮವಾರ ಎಲ್ಲಾರ ಮುಂದ ನಾನ ಹೇಳ್ತೇನಿ,” ಎಂದಳು.

ಆ ಕಡೆ ಮುಬೀನಾ ಮೂಗು ಸೀಟಿಕೊಂಡದ್ದು ಕೇಳಿಸಿತು.

“ಬರುವಾಗ ನಿಮ್ಮವ್ವನ ಕೈಯಾಗಿನ ಸೇಂಗಾ ಹೋಳಗಿ ತಗೊಂಡ ಬಾ. ಡಬ್ಬಿ ಒಂದ ಇರ್ಲಿ, ದೊಡ್ಡದು.”