ಏಟಿಗೆ ಮುಂಚಿನ ಮಾತು

ಸಿನಿಮಾ ಶೂಟಿಂಗಿಗೆ ಹೆಸರಾದ ಮರುಭೂಮಿಯ ಊರು ವರ್ಝಝಾತ್‌ನ ಹುಡುಗರು ಯಾವ ದೇಶದ ಯುದ್ಧಕ್ಕೂ ಸೈ. ಗಡ್ಡ ಬಿಟ್ಟರೆ ಬಂಡುಕೋರರು, ಬೋಳಿಸಿದರೆ ಸಿಪಾಯಿಗಳು. ಯಾವ ಯುದ್ಧವೆಂದು ಶೂಟಿಂಗಿನವರನ್ನು ಕೇಳುವ ಗೋಜಿಗೂ ಹೋಗುವುದಿಲ್ಲ. ಒಂದೇ ಓಣಿಯಲ್ಲಿ ಬೆಳೆದ ಯೂಬಾ ಮತ್ತು ಲಹ್ಸೆನ್ ಮೀಸೆ ಬಲಿಯುವುದರೊಳಗೆ ಎಷ್ಟೋ ಸಲ ಸತ್ತಿದ್ದರು. ಒಬ್ಬರ ಮೇಲೊಬ್ಬರು ಹೆಣವಾಗಿ ಬಿದ್ದುಕೊಂಡು, ನಗು ತಡೆಯಲಾಗದೆ ಬೈಸಿಕೊಂಡಿದ್ದೂ ಉಂಟು.

ಅಂದು ಯೂಬಾನಿಗೆ ಅದೃಷ್ಟ ಖುಲಾಯಿಸಿತ್ತು. ಸೆರೆಸಿಕ್ಕ ಸಿಪಾಯಿಗೆ ಬಂದೂಕಿನ ಹಿಂಬದಿಯಿಂದ ಹೊಡೆಯುವ ಪಾತ್ರ. ಮೊದಲ ಸಲ ಅವನ ಮುಖ ತೆರೆಯ ತುಂಬ ಬರುವುದಿತ್ತು. ಸೆರೆಯಾಳು ಲಹ್ಸೆನ್.

"ಮೆಲ್ಲಗೆ ಹೊಡಿಯೋ ಮಾರಾಯ. ಈ ಮೂತಿ ನೋಡಿ ಹೆಣ್ಣು ಕೊಡೋರಿದ್ದಾರೆ," ಎಂದ ಲಹ್ಸೆನ್.

"ಆ ಮೂತಿಗಾ? ಹೊಡೆದ್ರೆ ಸ್ವಲ್ಪ ನೆಟ್ಟಗಾದ್ರೂ ಆಗುತ್ತೆ ಬಿಡು."

ಈ ಹುಡುಗರಲ್ಲಿ ಒಂದು ರೂಢಿ. ಹೊಡೆಯುವವನು ಏಟಿಗೆ ಮುಂಚೆ ತುಟಿಯಲ್ಲೇ 'ಬಿಸ್ಮಿಲ್ಲಾ' ಅನ್ನಬೇಕು. ಅದು ಕಿವಿಗೆ ಬಿದ್ದೊಡನೆ ಏಟು ತಿನ್ನುವವನು ಮುಖ ಹೊರಳಿಸುತ್ತಾನೆ. ಏಟು ಗಾಳಿಗೆ ಹೋಗುತ್ತದೆ. ಇದು ಯಾವ ನಿರ್ದೇಶಕನೂ ಹೇಳಿಕೊಟ್ಟದ್ದಲ್ಲ.

ಎರಡು ಸಲ ಹಾಗೆಯೇ ಆಯಿತು. ಹೊರದೇಶದ ನಿರ್ದೇಶಕ ಮುಖ ಗಂಟಿಕ್ಕಿದ. ಭಾಷೆ ಬಲ್ಲ ಸಹಾಯಕ ಯೂಬಾನನ್ನು ಪಕ್ಕಕ್ಕೆ ಕರೆದ.

"ನೀನೇನೋ ಗೊಣಗ್ತೀಯಂತೆ, ಅವನು ಮೊದಲೇ ತಯಾರಾಗ್ತಾನಂತೆ. ಅವನ ಮುಖದಲ್ಲಿ ಹೆದರಿಕೆನೇ ಇಲ್ಲ ಅಂತಿದ್ದಾರೆ ಸಾಹೇಬ್ರು. ಈ ಸಲ ಬಾಯಿ ಮುಚ್ಕೊಂಡು ಹೊಡಿ. ಆಗಲ್ಲ ಅಂದ್ರೆ ಹೇಳು, ಗಡ್ಡದವರು ಬೇಕಾದಷ್ಟು ಜನ ಇದ್ದಾರೆ."

ಲಹ್ಸೆನ್ ಮಂಡಿಯೂರಿ ಕುಳಿತು, ಹಗ್ಗ ಬಿಗಿದ ಎರಡೂ ಕೈಗಳಿಂದ ಮೂಗು ತುರಿಸಿಕೊಳ್ಳುತ್ತಿದ್ದ. ಯೂಬಾ ಹೋಗಿ ಅವನ ಕಿವಿಯಲ್ಲಿ ಒಂದು ಮಾತು ಉಸುರಬಹುದಿತ್ತು. ಆದರೆ ಹೇಳಿಬಿಟ್ಟರೆ ಹೆದರಿಕೆ ಎಲ್ಲಿಂದ ಬರಬೇಕು? ಪಾತ್ರ ಕೈತಪ್ಪುತ್ತದೆ. ರಬ್ಬರಿನ ಬಂದೂಕು ತಾನೇ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ರಬ್ಬರಿನೊಳಗೆ ಕಬ್ಬಿಣದ ಸರಳಿರುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಏಟು ನೇರ ದವಡೆಗೆ ಬಿತ್ತು. ಲಹ್ಸೆನ್ ಮಗ್ಗುಲಿಗೆ ಉರುಳಿ ರಕ್ತ ಉಗುಳಿದ.

"ಮರೆತ್ಯೇನೋ?" ಎಂದು ಕೇಳಿದ.

ಬೈದಿದ್ದರೇ ವಾಸಿಯಿತ್ತು. ಯೂಬಾನ ಕಣ್ಣು ಸಹಾಯಕನ ಕಡೆ ಹೋಯಿತು. ಲಹ್ಸೆನ್ ಒಮ್ಮೆ ಅವನನ್ನು, ಒಮ್ಮೆ ಸಹಾಯಕನನ್ನು ನೋಡಿದ. ಅವನಿಗೆ ಎಲ್ಲ ತಿಳಿದುಹೋಯಿತು.

ನಿರ್ದೇಶಕ ಇನ್ನೊಂದು ಟೇಕ್ ಕೇಳಿದ. ಧೂಳೆದ್ದು ಮುಖ ಮರೆಯಾಗಿತ್ತಂತೆ. ಪಾತ್ರ ಹಾಳಾಗಿ ಹೋಗಲಿ ಎಂದುಕೊಂಡು ಯೂಬಾ, ಬಂದೂಕು ಎತ್ತಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ "ಬಿಸ್ಮಿಲ್ಲಾ" ಅಂದ.

ಲಹ್ಸೆನ್ ಮುಖ ಹೊರಳಿಸಲಿಲ್ಲ. ಕಟ್ಟಿದ ಕೈಗಳಲ್ಲಿ ತಲೆ ಮುಚ್ಚಿಕೊಂಡು ಮುದುಡಿ, ಗಡಗಡ ನಡುಗಿದ. ಯೂಬಾನ ಕೈ ಗಾಳಿಯಲ್ಲೇ ನಿಂತಿತು.

ನಿರ್ದೇಶಕ ಚಪ್ಪಾಳೆ ತಟ್ಟಿದ. ಸಹಾಯಕ ಓಡಿಬಂದು ಯೂಬಾನ ಬೆನ್ನು ಚಪ್ಪರಿಸಿದ. "ಇದಪ್ಪಾ ನಟನೆ ಅಂದ್ರೆ. ಇದನ್ನೇ ಇಟ್ಕೊಳ್ತಾರಂತೆ."

ಹಗ್ಗ ಬಿಚ್ಚಲು ಯೂಬಾ ಬಗ್ಗಿದ. ಲಹ್ಸೆನ್ ಕುಳಿತಲ್ಲೇ ಹಿಂದಕ್ಕೆ ಸರಿದ.

"ನೀನು ಬೇಡ. ಬೇರೆ ಯಾರನ್ನಾದ್ರೂ ಕಳಿಸು."