ಕಾರ್ ಶೆಡ್ಡಿನಲ್ಲಿ ಬಿದ್ದವಳು

ಶಂಕರಲಿಂಗಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿಯುತ್ತಿದ್ದಾಗ ಕನ್ನಡಕ ಹಾಕಬೇಕೋ ಬೇಡವೋ ಎಂಬ ಮಾತು ಬಂತು.

"ಹಾಕ್ರಪ್ಪ, ಅದಿಲ್ದೆ ಬೇರೆ ಯಾರೋ ಕೂತಂಗದೆ," ಎಂದರು ಹೆಂಡತಿ ಕರಿಬಸಮ್ಮ. ಅವರ ಅಣ್ಣ ಪರ್ವತಯ್ಯ ಕನ್ನಡಕ ಒರೆಸಿ ಭಾವನ ಮೂಗಿನ ಮೇಲಿಟ್ಟರು.

ಮಧುಗಿರಿಯ ಆ ಬೀದಿಯವರಿಗೆ ಶಂಕರಲಿಂಗಪ್ಪ ಎಂದರೆ ಆಸ್ಪತ್ರೆಯಲ್ಲಿ ನಂಬರ್ ಬರೆಯುವವರು. ಒಂದು ಖಾಸಗಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತು ರೋಗಿಗಳ ಫೈಲು ಓದಿ ಕೋಡ್ ಹಾಕಿದ್ದರು. ಏಟಿಗೊಂದು ಕೋಡ್, ಏಟು ಬಿದ್ದ ಜಾಗಕ್ಕೊಂದು ಕೋಡ್. ಅಡುಗೆಮನೆಗೆ ಬೇರೆ, ಬಚ್ಚಲಿಗೆ ಬೇರೆ, ಮನೆಯ ಕಾರ್ ಶೆಡ್ಡಿಗೂ ಬೇರೆ. "ಎಲ್ಲಿ ಬಿದ್ರೇನು, ನೋವು ಒಂದೇ ಅಲ್ವಾ?" ಎಂದು ಕರಿಬಸಮ್ಮ ಹಿಂದೊಮ್ಮೆ ಕೇಳಿದ್ದರು. "ಎಲ್ಲಿ ಅಂತ ಗೊತ್ತಾದ್ರೆ ತಾನೇ ಇನ್ನೊಬ್ರು ಬೀಳ್ದಂಗೆ ನೋಡ್ಕೊಳ್ಳೋದು," ಎಂದಿದ್ದರು ಅವರು. ನಿನ್ನೆ ಸಂಜೆ ಎದೆನೋವು ಎಂದು ಮಲಗಿದವರು ಮತ್ತೆ ಏಳಲಿಲ್ಲ.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು. ಯಾರಿಗೂ ಗುರುತಿಲ್ಲ. ಹಾರವನ್ನು ಕಾಲ ಬಳಿ ಇಟ್ಟು, ಅಲ್ಲೇ ಕುಸಿದು, ಮನೆಯ ಮಗಳು ಅತ್ತಂತೆ ಅತ್ತಳು. ಬಂದವರು ಮುಖ ಮುಖ ನೋಡಿಕೊಂಡರು.

"ಯಾವೂರಮ್ಮ ನಿಂದು?" ಎಂದರು ಕರಿಬಸಮ್ಮ.

"ಮೊದ್ಲು ಬಡವನಹಳ್ಳಿ, ಈಗ ಕೊರಟಗೆರೆ ಕಣಮ್ಮ. ರಾಧಾಮಣಿ ಅಂತ. ಆಸ್ಪತ್ರೆ ನರ್ಸಮ್ಮ ಫೋನ್ ಮಾಡಿದ್ರು."

ಬಡವನಹಳ್ಳಿ ಎಂದದ್ದೇ ಪರ್ವತಯ್ಯ ತಲೆ ತಗ್ಗಿಸಿದರು. ಕರಿಬಸಮ್ಮ ಅಣ್ಣನ ಕಡೆ ನೋಡಿದರು.

*

ಏಳು ವರ್ಷದ ಹಿಂದಿನ ಒಂದು ಭಾನುವಾರ. ಮಗಳು ಪುಷ್ಪಾವತಿಯನ್ನು ನೋಡಲು ಶಿರಾದಿಂದ ಗಂಡಿನವರು ಬಂದು ಕೂತಿದ್ದರು. ಬೆಳಗ್ಗೆಯೇ ಸ್ಕೂಟರ್ ಹತ್ತಿ ಹೋದ ಶಂಕರಲಿಂಗಪ್ಪ ಮನೆಗೆ ಬಂದದ್ದು ಮಧ್ಯಾಹ್ನ ಮೂರಕ್ಕೆ. ಅಷ್ಟರಲ್ಲಿ ಗಂಡಿನವರು ಉಪ್ಪಿಟ್ಟು ತಿಂದು, ಯಜಮಾನರೇ ಇಲ್ಲವಲ್ಲ ಎಂದು ಮುಖ ಗಂಟಿಕ್ಕಿಕೊಂಡು ಎದ್ದು ಹೋಗಿದ್ದರು.

"ಎಲ್ಲಿಗೆ ಹೋಗಿದ್ರಿ?"

"ಕೆಲಸ ಇತ್ತು."

"ಅದೇನು ಅಂಥಾ ಕೆಲಸ?"

"ಹೇಳೋ ಅಂಥದ್ದಲ್ಲ, ಬಸಮ್ಮ."

ವಾರ ಕಳೆದ ಮೇಲೆ ಪರ್ವತಯ್ಯ ಬಂದು ತಂಗಿಯನ್ನು ಹಿತ್ತಲಿಗೆ ಕರೆದರು. "ಭಾವ ಅವತ್ತು ಬಡವನಹಳ್ಳೀಲಿ ಯಾವ್ದೋ ಹೆಂಗಸಿನ ಮನೆ ಪಕ್ಕ ಇಣುಕಿ ನೋಡ್ತಿದ್ರು. ನಾನೇ ಕಂಡೆ."

ಕರಿಬಸಮ್ಮ ಗಂಡನನ್ನು ಕೇಳಲಿಲ್ಲ. ಕೇಳಿ, ಅವರು ಹೌದು ಅಂದುಬಿಟ್ಟರೆ? ಪುಷ್ಪಾವತಿಗೆ ಮುಂದೆ ಒಳ್ಳೆಯ ಮನೆಯೇ ಸಿಕ್ಕಿತು. ಆದರೆ ಅಂದಿನಿಂದ ಕರಿಬಸಮ್ಮ ಗಂಡನಿಗೆ ಬಡಿಸಿ ಒಳಗೆ ಹೋಗಿಬಿಡುತ್ತಿದ್ದರು, ಜೊತೆಗೆ ಕೂತು ಉಣ್ಣಲಿಲ್ಲ. ಯಾಕೆ ಎಂದು ಅವರೂ ಕೇಳಲಿಲ್ಲ.

*

ಕರಿಬಸಮ್ಮ ರಾಧಾಮಣಿಯನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಎಳೆದುಕೊಂಡರು.

"ನಮ್ಮ ಯಜಮಾನ್ರು ನಿಂಗೆ ಹೆಂಗೆ ಗೊತ್ತು?"

"ನಿಮ್ಗೆ ಏನೂ ಹೇಳಿಲ್ವಾ?"

"ಇಲ್ಲ."

ರಾಧಾಮಣಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ಗಂಡ ಹೊಡೀತಿದ್ದ ಕಣಮ್ಮ. ಹೊಡೆದು ಅವ್ನೇ ಆಸ್ಪತ್ರೆಗೆ ಕರ್ಕೊಂಬತ್ತಿದ್ದ. ಕಾರ್ ಶೆಡ್ನಾಗೆ ಜಾರಿ ಬಿದ್ಲು ಅಂತ ಬರೆಸ್ತಿದ್ದ. ಒಂದು ವರ್ಷದಾಗೆ ಮೂರು ಸಲ. ನೋಡಿದ ಡಾಕ್ಟ್ರು ಒಂದೊಂದ್ಸಲಕ್ಕೂ ಬೇರೆ, ಯಾರ್ಗೂ ಗೊತ್ತಾಗ್ಲಿಲ್ಲ. ಮೂರು ಫೈಲೂ ಕಂಡೋರು ಇವ್ರೊಬ್ರೆ."

"ಅದಕ್ಕೆ ನಿಮ್ಮೂರಿಗೆ ಬಂದ್ರಾ?"

"ಶೆಡ್ ನೋಡೋಕೆ. ನಾನಿನ್ನೂ ವಾರ್ಡ್‌ನಾಗಿದ್ದೆ. ನಮ್ಮ ಶೆಡ್ನಾಗೆ ಶೀಟು ಮುಟ್ಟೋಗಂಟ ಹುಣಸೆಹಣ್ಣಿನ ಮೂಟೆ ಒಟ್ಟಿದ್ರು. ಬೆಕ್ಕು ನುಗ್ಗೋಕೂ ಜಾಗ ಇರ್ಲಿಲ್ಲ. ಕಾರು ಬೀದೀಲೇ ನಿಲ್ತಿತ್ತು. ಸೋಮವಾರ ಇವ್ರು ಫೈಲು ಎತ್ಕೊಂಡು ದೊಡ್ಡ ಡಾಕ್ಟ್ರಮ್ಮನ ತಾವ ಹೋಗಿ, ಅಲ್ಲಿ ಯಾರೂ ಬೀಳೋಕೆ ಆಗಲ್ಲ ಮೇಡಂ, ನಾನು ಈ ಕೋಡ್ ಹಾಕಲ್ಲ ಅಂದ್ರಂತೆ. ಡಾಕ್ಟ್ರಮ್ಮ ಗಂಡನ್ನ ಆಚೆಗೆ ಕಳಿಸಿ ನನ್ನೊಬ್ಬಳನ್ನೇ ಕೇಳಿದ್ರು. ಹೇಳ್ಬುಟ್ಟೆ."

"ಆಮೇಲೆ?"

"ಕೇಸಾಯ್ತು. ನಾನು ತವರಿಗೆ ಹೋದೆ. ಈಗ ಅಂಗನವಾಡೀಲಿ ಅಡುಗೆ ಮಾಡ್ತೀನಿ." ಮತ್ತೆ ಹೇಳಿದಳು: "ವಾರ್ಡ್ ಬಿಡೋ ದಿನ ಇವ್ರು ಬಂದು ಒಂದೇ ಮಾತು ಅಂದ್ರು. ಈ ಫೈಲಿನ ಮಾತು ನಮ್ಮ ಮನೇಲೂ ಆಡಲ್ಲ, ಧೈರ್ಯವಾಗಿ ಹೋಗಮ್ಮ ಅಂತ."

ಕರಿಬಸಮ್ಮ ಒಲೆಕಟ್ಟೆ ಹಿಡಿದು ನಿಂತರು. "ಏಳು ವರ್ಷ ಒಬ್ರೇ ಉಂಡ್ರು," ಎಂದರು. ರಾಧಾಮಣಿಗೆ ಅದು ಅರ್ಥವಾಗಲಿಲ್ಲ. ಆಕೆ ಸುಮ್ಮನೆ ಅವರ ಬೆನ್ನು ಸವರಿದಳು.

ಹೊರಗೆ ಪರ್ವತಯ್ಯ ಕಾಯುತ್ತಿದ್ದರು. "ಏನಂತೆ?"

"ಅಣ್ಣ, ನೀನವತ್ತು ತಿಳ್ಕೊಂಡಿದ್ದು ತಪ್ಪು."

"ಹಂಗಾರೆ ಏನು ಸಮಾಚಾರ?"

"ಅದು ಆಕೆ ಮಾತು. ನಾನು ಆಡಲ್ಲ."

*

ರುದ್ರಭೂಮಿಯಲ್ಲಿ ಶಂಕರಲಿಂಗಪ್ಪನವರನ್ನು ಗುಂಡಿಯೊಳಗೆ ಕೂರಿಸಿ, ಸುತ್ತ ವಿಭೂತಿಯುಂಡೆ, ಬಿಲ್ವಪತ್ರೆ ತುಂಬಿದರು. ಮನೆಯವರು ಮುಗಿಸಿದ ಮೇಲೆ ಉಳಿದವರು ಮಣ್ಣು ಹಾಕತೊಡಗಿದರು. ರಾಧಾಮಣಿ ಎಡಗೈಯಲ್ಲಿ ಹಿಡಿ ಮಣ್ಣು ತೆಗೆದುಕೊಂಡಳು.

"ಬಲಗೈಲಿ ಹಾಕಮ್ಮ," ಎಂದರು ಪರ್ವತಯ್ಯ.

ಆಕೆ ಮಣ್ಣನ್ನು ಬಲಗೈಗೆ ಬದಲಾಯಿಸಿ ಚಾಚಿದಳು. ಮುರಿದು ನೆಟ್ಟಗೆ ಕೂಡದ ಮೊಣಕೈ ಅರ್ಧಕ್ಕೇ ನಿಂತಿತು, ಕೈ ಗುಂಡಿಯ ಅಂಚು ದಾಟಲಿಲ್ಲ. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಅಂಚಿನ ಮಣ್ಣು ಕುಸಿಯುವಂತಿತ್ತು.

ಕರಿಬಸಮ್ಮ ಬಂದು ಆಕೆಯ ಸೊಂಟ ಬಳಸಿ ಬಿಗಿಯಾಗಿ ಹಿಡಿದರು. ಇಬ್ಬರೂ ಒಟ್ಟಿಗೆ ಗುಂಡಿಯ ಮೇಲೆ ಬಾಗಿದರು.