ಕರೆದ ನೀರು

ಭಾಗ್ಯಜ್ಯೋತಿಯ ಅಂಗಾಲಿಗೆ ನೀರು ತಿಳಿಯುತ್ತಿತ್ತು. ನೆಲದಡಿ ನೀರು ಹರಿಯುವ ಕಡೆ ಬರಿಗಾಲಲ್ಲಿ ನಿಂತರೆ ಸಾಕು, ಪಾದದಿಂದ ಮೊಣಕಾಲಿನವರೆಗೆ ಜುಮ್ಮೆಂದು ತಣ್ಣಗಾಗುತ್ತಿತ್ತು. ಶಹಾಪುರದ ಕಡೆಯ ಅವರ ಊರಿನಲ್ಲಿ ಅವಳ ಅಜ್ಜಿಗೂ ಇದು ಇತ್ತು. ಸಾಯುವ ಮುಂಚೆ ಅಜ್ಜಿ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಹೇಳಿದ್ದಳು: "ನೀರ ಎಲ್ಲದ ಅಂತ ಯಾರ ಕೇಳಿದ್ರೂ ತೋರ್ಸು. ಆದ್ರ ಕರೀಬ್ಯಾಡ. ನಾವ್ ಕರದ್ರ ಬರತದ, ಖರೆ. ಯಾರದರ ಬಾಯಾಗಿಂದ ಕಸ್ಗೊಂಡ ಬರತದ."

ಹದಿನಾರು ತುಂಬುವವರೆಗೆ ಜ್ಯೋತಿಗೆ ಕರೆಯುವ ಪ್ರಸಂಗ ಬಂದಿರಲಿಲ್ಲ.

ಅವರು ಈಗ ಇದ್ದದ್ದು ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ, ಗಂಗಾಧರಯ್ಯನ ವಠಾರದಲ್ಲಿ. ಇಪ್ಪತ್ತೆರಡು ಮನೆ, ಮನೆ ಎಂದರೆ ಒಂದು ಕೋಣೆ, ಮೇಲೆ ಶೀಟು. ಗಂಗಾಧರಯ್ಯನ ಅಪ್ಪ ಅದೇ ನೆಲದಲ್ಲಿ ರಾಗಿ ಬೆಳೆದವನು. ಮಗನಿಗೆ ಈಗ ವಠಾರದ ಹಿಂದೆ ಮೂರಂತಸ್ತಿನ ಮನೆ, ಬಿಟಿಎಂನಲ್ಲಿ ಎರಡು ಪಿಜಿ ಹಾಸ್ಟೆಲ್ಲು, ಐದು ಟ್ಯಾಂಕರ್ ಲಾರಿ. ಜ್ಯೋತಿಯ ಅಪ್ಪ ದುಂಡಪ್ಪ ಆ ಮನೆಯ ಗೇಟಿಗೆ ವಾಚ್‌ಮನ್. ಅವ್ವ ರೇಣವ್ವ ಆ ಪಿಜಿಗಳಲ್ಲಿ ನೆಲ ಒರೆಸುತ್ತಿದ್ದಳು. ಉಳಿಯುವುದಕ್ಕೂ ದುಡಿಯುವುದಕ್ಕೂ ಒಬ್ಬನೇ ಯಜಮಾನ. ವಠಾರದ ನಲ್ಲಿಗೆ ನೀರು ಬಿಡುವ ವಾಲ್ವಿನ ಕೀಲಿಯೂ ಅವನ ಸೊಂಟದಲ್ಲೇ. ಬೆಳಿಗ್ಗೆ ಇಪ್ಪತ್ತು ನಿಮಿಷ ನೀರು ಬಿಡುತ್ತಿದ್ದ. ಆ ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತೆರಡು ಮನೆಯವರು ಹಿಡಿದುಕೊಂಡಷ್ಟು.

ಆ ವರ್ಷ ಮಾರ್ಚ್ ಮುಗಿಯುವ ಮೊದಲೇ ಅವನ ಎರಡೂ ಬೋರ್‌ವೆಲ್ ಬತ್ತಿದವು. ಹೊಸದು ಕೊರೆಸಿದರೆ ಸಾವಿರದ ಇನ್ನೂರು ಅಡಿಯಲ್ಲೂ ಬರೀ ಧೂಳು ಎದ್ದಿತು. ಅಜ್ಜಿಯ ವಿಷಯವನ್ನೂ ಮಗಳ ವಿಷಯವನ್ನೂ ದುಂಡಪ್ಪ ಎಂದೋ ಅವನ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದ. ಒಂದು ಭಾನುವಾರ ಗಂಗಾಧರಯ್ಯ ಹುಡುಗಿಯನ್ನು ಕರೆಸಿದ.

ಹೊಸ ಬೋರಿನ ಪಕ್ಕ ಜ್ಯೋತಿ ಚಪ್ಪಲಿ ಬಿಟ್ಟು ನಿಂತಳು. ನೆಲ ಬೆಚ್ಚಗಿತ್ತು. "ಇಲ್ಲಿ ಇಲ್ಲರಿ," ಎಂದಳು.

"ಇಲ್ಲ ಅಂತ ನಂಗೂ ಗೊತ್ತು. ಕರಿ."

"ಕರೀಬಾರದರಿ. ನಮ್ಮಜ್ಜಿ..."

"ನಿಮ್ಮಜ್ಜಿ ಸತ್ತೋದ್ಲು. ಇಲ್ಲಿ ಇಪ್ಪತ್ತೆರಡು ಮನೆಯವ್ರು ಇನ್ನೂ ಬದುಕಿದಾರೆ. ನೀರು ಬಂದ್ರೆ ದಿನಾ ಎರಡು ಗಂಟೆ ನಲ್ಲಿ ಬಿಡ್ತೀನಿ, ಮಾತು ಕೊಡ್ತಾ ಇದೀನಿ. ಬರ್ಲಿಲ್ವಾ, ನೀವು ಮನೆ ಖಾಲಿ ಮಾಡಿ. ನಿಮ್ಮಪ್ಪ ಗೇಟು ಖಾಲಿ ಮಾಡ್ಲಿ. ಏನ್ ದುಂಡಪ್ಪ?"

ದುಂಡಪ್ಪ ಮಗಳ ಮುಖ ನೋಡಲಿಲ್ಲ. "ಕರಿಯವ್ವಾ," ಎಂದ. "ದೊಡ್ಡೋರ ಮಾತ ಮೀರಬಾರದು. ಎರಡ ತಾಸ ನೀರಂದ್ರ ಎಲ್ಲಾರೂ ನಿನ್ನ ಹೆಸರ ಹೇಳ್ತಾರ."

ವಠಾರದವರೆಲ್ಲ ಸುತ್ತ ನಿಂತಿದ್ದರು. ಪಕ್ಕದ ಕೋಣೆಯ ರವಿಕುಮಾರ ಬೈಕಿನಲ್ಲಿ ಊಟ ತಲುಪಿಸುವ ಕೆಲಸದವನು, ಎರಡು ದಿನದಿಂದ ಸ್ನಾನ ಮಾಡಿರಲಿಲ್ಲ. ಎಲ್ಲರ ಕಣ್ಣೂ ಅವಳ ಪಾದದ ಮೇಲಿತ್ತು. ಜ್ಯೋತಿ ಕಣ್ಣು ಮುಚ್ಚಿ, ಯಾರಿಗೂ ಕೇಳದಷ್ಟು ಸಣ್ಣಗೆ, "ಬಾ" ಎಂದಳು.

ನಾಲ್ಕೂ ದಿಕ್ಕಿನಿಂದ ತಂಪು ಹರಿದು ಬಂತು. ಇಷ್ಟವಿಲ್ಲದವರ ಕೈ ಹಿಡಿದು ದರದರ ಎಳೆದು ತಂದಂತೆ ಬಂತು. ಮೋಟರು ಹಾಕಿದರು. ಪೈಪು ಎರಡು ಸಲ ಕೆಮ್ಮಿತು, ಕೆಂಪು ನೀರು ಕಕ್ಕಿತು, ಆಮೇಲೆ ತೊಡೆ ಗಾತ್ರದ ತಿಳಿನೀರು. ಜನ ಚಪ್ಪಾಳೆ ತಟ್ಟಿದರು. ಗಂಗಾಧರಯ್ಯ ಅವಳ ತಲೆಯ ಮೇಲೆ ಕೈಯಿಟ್ಟ. ಜ್ಯೋತಿ ಗೋಡೆಯ ಮರೆಗೆ ಹೋಗಿ ವಾಂತಿ ಮಾಡಿಕೊಂಡಳು.

ಎರಡು ಗಂಟೆಯ ನೀರು ನಾಲ್ಕು ದಿನ ಬಂತು. ಐದನೆಯ ದಿನದಿಂದ ಮತ್ತೆ ಇಪ್ಪತ್ತು ನಿಮಿಷ. ಕೇಳಿದವರಿಗೆ "ಪ್ರೆಷರ್ ಇಲ್ಲ" ಎಂಬ ಉತ್ತರ. ಟ್ಯಾಂಕರುಗಳಿಗೆ ಮಾತ್ರ ಪ್ರೆಷರ್ ಸರಿಯಾಗಿಯೇ ಇತ್ತು. ಬೆಳಗಿನಿಂದ ಸಂಜೆಯವರೆಗೆ ಒಂದರ ಹಿಂದೊಂದು ತುಂಬಿಕೊಂಡು ಜೆಪಿ ನಗರದ ಅಪಾರ್ಟ್‌ಮೆಂಟುಗಳ ಕಡೆ ಹೋಗುತ್ತಿದ್ದವು.

ಅಷ್ಟರಲ್ಲಿ ಅಂಗನವಾಡಿ ಮುಂದಿನ ಕೈಪಂಪು ನಿಂತುಹೋಯಿತು. ಮೂವತ್ತು ವರ್ಷದಲ್ಲಿ ಒಂದು ಬೇಸಿಗೆಯಲ್ಲೂ ಕೈಕೊಡದ ಪಂಪು. ಅದರ ಪಕ್ಕದಲ್ಲೇ ಹೂವು ಕಟ್ಟಿ ಮಾರುವ ಅಂಜನಮ್ಮ ಬಾಡಿದ ಕನಕಾಂಬರವನ್ನು ಮೊರದಿಂದ ಚರಂಡಿಗೆ ಸುರಿಯುತ್ತಿದ್ದಾಗ ಜ್ಯೋತಿ ಕಾಲೇಜಿನ ದಾರಿಯಲ್ಲಿ ಅಲ್ಲಿ ನಿಂತಳು. ಚಪ್ಪಲಿ ಕಳಚಿ ಪಾದ ಊರಿದಳು. ಹಿಂದೆಲ್ಲ ಐಸಿನ ಹಾಗೆ ಕೊರೆಯುತ್ತಿದ್ದ ಜಾಗ, ಈಗ ಬರೀ ಬೆಚ್ಚಗಿತ್ತು, ಬಿಟ್ಟುಹೋದ ಮನೆಯ ಹಾಗೆ.

ಅವಳಿಗೆ ಅಳು ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

ಅಂಜನಮ್ಮ ಸಮಾಧಾನ ಮಾಡುವ ಹೆಂಗಸಾಗಿರಲಿಲ್ಲ. "ನನ್ ನೀರು ಕದ್ದು ಅವನಿಗೆ ಕೊಟ್ಬಿಟ್ಟು ನನ್ ಮುಂದೆ ಬಂದು ಅಳ್ತೀಯಾ?" ಎಂದಳು. "ಅಳೋದು ನಿಲ್ಸು. ವಾಪಸ್ ತಂದ್ಕೊಡು."

"ವಾಪಸ್ ಕಳಸಾಕ ಬರತದೋ ಇಲ್ಲೋ ನನಗ ಗೊತ್ತಿಲ್ಲ, ಅಜ್ಜಿ."

"ಕರ್ಯೋದನ್ನ ಮಾತ್ರ ಮೊದ್ಲು ಯಾವತ್ತಾದ್ರೂ ಮಾಡಿ ನೋಡಿದ್ಯಾ?"

ಜ್ಯೋತಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ಆದರೂ ಎರಡು ದಿನ ಅವಳು ಏನೂ ಮಾಡಲಿಲ್ಲ. ಕೋಣೆ ಹೋಗುತ್ತದೆ, ಅಪ್ಪನ ಕೆಲಸ ಹೋಗುತ್ತದೆ, ಕಾಲೇಜು ಹೋಗುತ್ತದೆ. ಭಯವೆಂಬುದು ಎಷ್ಟು ಸಲೀಸಾಗಿ ವಿನಯದ ಹಾಗೆ ಕಾಣುತ್ತದೆ! ಅಪ್ಪ ಇಷ್ಟು ವರ್ಷ "ಹೂಂರಿ" ಎನ್ನುತ್ತಾ ಬಂದದ್ದು ಇದರಿಂದಲೇ ಎಂದು ಹೊಳೆದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೂರನೆಯ ದಿನ ರೇಣವ್ವ ಪಿಜಿಯಿಂದ ಬರುವಷ್ಟರಲ್ಲಿ ನಲ್ಲಿಯ ಹೊತ್ತು ಮುಗಿದಿತ್ತು. ಸಾಲಿನಲ್ಲಿ ನಿಂತ ಜ್ಯೋತಿಗೂ ಸಿಕ್ಕಿರಲಿಲ್ಲ, ಮನೆಯಲ್ಲಿ ಕುಡಿಯಲು ಒಂದು ತಂಬಿಗೆಯೂ ಇರಲಿಲ್ಲ. ಗೇಟಿನ ಬಳಿ ಟ್ಯಾಂಕರ್ ತುಂಬುತ್ತಿತ್ತು, ಪೈಪಿನ ಗಂಟಿನಿಂದ ನೀರು ಸೋರಿ ರಸ್ತೆಗೆ ಹೋಗುತ್ತಿತ್ತು. ರೇಣವ್ವ ಅದರ ಕೆಳಗೆ ಕೊಡ ಇಟ್ಟಳು. ತುಂಬಿದ ಕೊಡವನ್ನು ಸೊಂಟಕ್ಕೇರಿಸುವಾಗ ಗಂಗಾಧರಯ್ಯ ಮಹಡಿಯಿಂದ ಇಳಿದು ಬಂದ.

"ಯಾರ್ನ ಕೇಳಿ ಹಿಡ್ಕೊಂಡೆ?"

"ಸೋರಿ ಹೊಂಟಿತ್ತರಿ, ಯಜಮಾನ್ರ. ಮಣ್ಣಪಾಲು ಆಗೂದು..."

"ಸೋರಿದ್ರೂ ನಂದೇ. ಇವತ್ತು ಸೋರಿದ್ದು ಹಿಡೀತೀರಾ, ನಾಳೆ ಸಂಪ್ ಟ್ಯಾಂಕಿಗೇ ಕೈ ಹಾಕ್ತೀರಾ. ಸುರಿ."

"ರೀ..."

"ಮೋರಿಗೆ ಸುರಿ ಅಂದೆ. ಎಲ್ರೂ ನೋಡ್ಲಿ."

ಹತ್ತು ಹೆಜ್ಜೆ ದೂರದಲ್ಲಿ ದುಂಡಪ್ಪ ವಾಚ್‌ಮನ್ ಅಂಗಿ ತೊಟ್ಟು ನಿಂತಿದ್ದ. ಅವನು ತನ್ನ ಬೂಟುಗಳನ್ನು ನೋಡುತ್ತಿದ್ದ. ರೇಣವ್ವ ಗಂಡನ ಕಡೆ ಒಮ್ಮೆ ನೋಡಿದಳು, ಆಮೇಲೆ ಕೊಡ ಬಗ್ಗಿಸಿದಳು. ಕುಡಿಯುವ ನೀರು ಚಿಪ್ಸ್ ಪ್ಯಾಕೆಟ್ಟುಗಳ ನಡುವೆ ಮೋರಿಗೆ ಇಳಿಯಿತು.

ಜ್ಯೋತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಸಿಟ್ಟೆದ್ದಿತು. ಕೋಣೆ, ಕೆಲಸ, ಕಾಲೇಜು ಎಲ್ಲ ಅದರ ಮುಂದೆ ತರಗೆಲೆಯಾದವು. ಬರಿಗಾಲಲ್ಲೇ ನಡೆದು ಬಂದು ಅವ್ವನ ಕೈಯ ಖಾಲಿ ಕೊಡ ಇಸಿದುಕೊಂಡು, ಗಂಗಾಧರಯ್ಯನ ಎದುರು ನೆಲಕ್ಕೆ ಕುಕ್ಕಿದಳು.

"ನಂದು, ನಂದು ಅಂತೀರಲ್ಲ. ಅಂಜನಮ್ಮಜ್ಜಿ ಪಂಪಿನ ನೀರು ಇದು. ಅಂಗನವಾಡಿ ಹುಡುಗರ ನೀರು. ಕಸ್ಗೊಂಡ ತಂದು ಕೊಟ್ಟಾಕಿ ನಾನು. ನನಗ ಗೊತ್ತಿಲ್ಲೇನು ಯಾರದಂತ?"

"ದುಂಡಪ್ಪ, ನಿನ್ ಮಗಳ್ನ ಒಳಗ್ ಕರ್ಕೊಂಡ್ ಹೋಗ್ತೀಯೋ ಇಲ್ವೋ?"

ಅವಳು ಎರಡೂ ಪಾದಗಳನ್ನು ಭದ್ರವಾಗಿ ಊರಿದಳು. ಈ ಸಲ ಕಣ್ಣು ಮುಚ್ಚಲಿಲ್ಲ. ವಠಾರವೇ ಕೇಳುವ ಹಾಗೆ ಕೂಗಿದಳು.

"ಹೋಗು! ಯಾರ್ಯಾರ ಮನೀಂದ ಬಂದಿಯೋ ಅಲ್ಲಿಗೇ ಹೋಗು!"

ಟ್ಯಾಂಕರಿನ ಪೈಪು ಸತ್ತ ಹಾವಿನ ಹಾಗೆ ಜೋತುಬಿತ್ತು. ಬೋರಿನ ಬಾಯಿ ಉದ್ದಕ್ಕೆ ಉಸಿರೆಳೆದುಕೊಂಡ ಸದ್ದು ಮಾಡಿತು. ಮೋಟರು ಊಳಿಟ್ಟು, ಸುಟ್ಟ ವಾಸನೆ ಹರಡಿ, ನಿಂತುಹೋಯಿತು. ಟ್ಯಾಂಕರ್ ಡ್ರೈವರ್ ಬೀಡಿ ಬಿಸಾಕಿ ದೂರ ಸರಿದ.

ಗಂಗಾಧರಯ್ಯ ಜ್ಯೋತಿಯ ಜಡೆಗೆ ಕೈ ಹಾಕಿದ. "ಕರಿಯೇ! ಕರೀತೀಯೋ ಇಲ್ವೋ!"

"ಕರಿಯಂಗಿಲ್ಲ."

ಅವನ ಇನ್ನೊಂದು ಕೈ ಮೇಲೆದ್ದಿತು. ಅದನ್ನು ಹಿಡಿದದ್ದು ದುಂಡಪ್ಪ. ಅವನು ಹಿಡಿತ ಸಡಿಲಿಸಲಿಲ್ಲ.

"ಕೈ ಬಿಡ್ರಿ. ಕರಿ ಅಂತ ಆಕಿಗೆ ಹೇಳಿದಾಂವ ನಾನು. ಬಡಿಯೂದಿದ್ರ ನನಗ ಬಡೀರಿ. ಆಕಿ ಜಡಿ ಬಿಡ್ರಿ."

ಗಂಗಾಧರಯ್ಯ ಜಡೆ ಬಿಟ್ಟ. ಆದರೆ ಮಧ್ಯಾಹ್ನದೊಳಗೆ ಅವರ ಟ್ರಂಕು, ಸ್ಟವ್ವು, ಹಾಸಿಗೆ, ಜ್ಯೋತಿಯ ಪುಸ್ತಕ, ಎಲ್ಲವನ್ನೂ ತನ್ನ ಆಳುಗಳಿಂದ ರಸ್ತೆಗೆ ಎಸೆಸಿದ. ರವಿಕುಮಾರ ಆಗಷ್ಟೇ ಬೈಕು ನಿಲ್ಲಿಸುತ್ತಿದ್ದ. ಹೆಲ್ಮೆಟ್ ಕೂಡ ತೆಗೆಯದೆ ಟ್ರಂಕನ್ನು ಹೆಗಲಿಗೇರಿಸಿ ತನ್ನ ಕೋಣೆಗೆ ಒಯ್ದ. ಅದನ್ನು ನೋಡಿ ಎದುರು ಕೋಣೆಯವಳು ಸ್ಟವ್ವು ಎತ್ತಿಕೊಂಡಳು. ಹಾಸಿಗೆ ಇನ್ನೊಂದು ಮನೆಗೆ ಹೋಯಿತು.

"ಇಟ್ಕೊಂಡೋರೂ ಖಾಲಿ ಮಾಡ್ಬೇಕು!" ಎಂದು ಗಂಗಾಧರಯ್ಯ ಕಿರುಚಿದ.

"ಮಾಡ್ತೀವಿ ಸಾರ್," ಎಂದ ರವಿಕುಮಾರ. "ಇಪ್ಪತ್ತೆರಡೂ ಮನಿ ಒಟ್ಟಿಗೇ ಖಾಲಿ ಮಾಡ್ತೀವಿ. ನೀರಿಲ್ಲದ ವಠಾರಕ್ಕ ಯಾರ ಬರ್ತಾರ, ಕರ್ಕೊಂಡ ಬರ್ರಿ."

ಗಂಗಾಧರಯ್ಯ ಮಹಡಿ ಹತ್ತಿ ಹೋದ. ಅವತ್ತು ಯಾರೂ ಖಾಲಿ ಮಾಡಲಿಲ್ಲ. ಮಾಡಿಸುವ ಧೈರ್ಯ ಅವನಿಗೂ ಬರಲಿಲ್ಲ.

ಸಂಜೆ ಅಂಜನಮ್ಮ ಕೈಪಂಪು ಒತ್ತಿದಳು. ನಲವತ್ತು ಸಲ ಬರೀ ಕಿರಕಿರ. ಆಮೇಲೆ ಪಂಪಿನ ಮೂತಿಯಿಂದ ಬೆರಳು ದಪ್ಪದ ಧಾರೆ. ಪವಾಡದಂತೇನೂ ಉಕ್ಕಲಿಲ್ಲ, ಮೊದಲೆಷ್ಟು ಇತ್ತೋ ಅಷ್ಟೇ. ಬೀದಿಗೆ ಅದು ಸಾಲುತ್ತಿರಲಿಲ್ಲ. ಅಲ್ಲೇ ನಿಂತು ಜಗಳವಾಡಿ, ಬೈದಾಡಿ, ಕೊನೆಗೆ ಮನೆಗೆ ಎರಡು ಬಿಂದಿಗೆ, ಮಕ್ಕಳಿರುವ ಮನೆಗೆ ಮೂರು, ಟ್ಯಾಂಕರಿಗೆ ತೊಟ್ಟೂ ಇಲ್ಲ ಎಂದು ತೀರ್ಮಾನಿಸಿದರು.

ವಾರದ ಮೇಲೆ ಗಂಗಾಧರಯ್ಯ ಇನ್ನಿಬ್ಬರು ಟ್ಯಾಂಕರ್ ಮಾಲೀಕರ ಜೊತೆ, ಜ್ಯೋತಿಯವರು ಈಗ ಉಳಿದುಕೊಂಡಿದ್ದ ಎದುರು ಕೋಣೆಗೆ ಬಂದ. ಜ್ಯೋತಿಯನ್ನು "ತಾಯಿ" ಎಂದ. ಅವಳು ಅವನಿಗೆ ಕೂರಿ ಎನ್ನಲಿಲ್ಲ. "ನೀರ ಎಲ್ಲದ ಅಂತ ಕೇಳ್ರಿ, ತೋರಸ್ತೀನಿ. ಕರಿಯಂಗಿಲ್ಲ. ಆ ನೀರಿನ ವಾಲ್ವಿನ ಕೀಲಿ ವಠಾರದಾಗ ಇರಬೇಕು, ನಿಮ್ಮ ಸೊಂಟದಾಗಲ್ಲ," ಎಂದಳು. ಅವನು ಹಲ್ಲು ಕಡಿಯುತ್ತಾ ಹೋದ. ಮತ್ತೆ ಬರುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಕೆಲಸ ಹೋದ ದುಂಡಪ್ಪ ದಿನಾ ಬೆಳಿಗ್ಗೆ ಬನಿಯನ್ನಿನಲ್ಲಿ ಪಂಪಿನ ಬಳಿ ನಿಂತು, ಕೈಲಾಗದ ಮುದುಕಿಯರಿಗೆ ನೀರು ಒತ್ತಿಕೊಡುತ್ತಿದ್ದ. ಆಮೇಲೆ ಕೆಲಸ ಹುಡುಕಿಕೊಂಡು ಹೊರಡುತ್ತಿದ್ದ. ರೇಣವ್ವ ಅವನೊಡನೆ ಒಂದೆರಡು ಮಾತಾಡುತ್ತಿದ್ದಳು. ಜ್ಯೋತಿ ಆಡುತ್ತಿರಲಿಲ್ಲ. ಜಡೆ ಹಿಡಿದ ಕೈಯನ್ನು ಅವನು ತಡೆದದ್ದು ಖರೆ. ಅವ್ವ ಕೊಡ ಬಗ್ಗಿಸುವಾಗ ಅವನು ಬೂಟು ನೋಡಿದ್ದೂ ಖರೆ. ಎರಡನ್ನೂ ಮರೆಯುವ ಮನಸ್ಸು ಅವಳಿಗಿರಲಿಲ್ಲ.

ಹತ್ತನೆಯ ದಿನ ಅವಳು ಕೊಡ ಹಿಡಿದು ಹೋದಾಗ ದುಂಡಪ್ಪನ ಅಂಗೈಯ ಬೊಬ್ಬೆ ಒಡೆದು ಪಂಪಿನ ಹಿಡಿಯ ಮೇಲೆ ರಕ್ತ ಮೆತ್ತಿತ್ತು. ಅವನು ಒತ್ತುವುದನ್ನು ನಿಲ್ಲಿಸಿರಲಿಲ್ಲ. ಜ್ಯೋತಿ ಕೊಡ ಕೆಳಗಿಟ್ಟಳು. ಸಿಟ್ಟು ಇದ್ದ ಹಾಗೆಯೇ ಇತ್ತು.

"ಈ ಕಡೆ ಸರಿ, ಅಪ್ಪಾ," ಎಂದಳು. "ಪಂಪ ನಾ ಹೊಡೀತೀನಿ."